ಗಣಿ ಅಭಿಯಂತರರ ಹೊಣೆಗಾರಿಕೆ ಮತ್ತು ಗಣಿಭೂಮಿಯ ಪುನಶ್ಚೇತನ: ಗ್ರಾಮ ಪಂಚಾಯತಿ ಸದಸ್ಯರಿಗೆ ಒಂದು ಅಧ್ಯಯನ ಪಾಠ

ಪಾಠದ ಉದ್ದೇಶ

ಕಬ್ಬಿಣದ ಅದಿರಿನ ಗಣಿಗಳಿರುವ ಪ್ರದೇಶದ ಗ್ರಾಮಸಭೆಗಳಲ್ಲಿ ಮಳೆಗಾಲದ ನಂತರ ಸಾಮಾನ್ಯವಾಗಿ ಕೇಳಿಬರುವ ದೂರು ಒಂದಿದೆ. ಬೆಟ್ಟದ ಕೆಂಪು ಮಣ್ಣು ಹಳ್ಳಕ್ಕಿಳಿಯಿತು, ಹಳ್ಳದಿಂದ ಕೆರೆ ಸೇರಿತು, ಕೆರೆಯ ಕೆಳಗಿನ ಹೊಲಗಳ ಮೇಲೆ ಪದರವಾಗಿ ಕುಳಿತಿತು ಎಂಬುದೇ ಆ ದೂರು. ಇದಕ್ಕೆ ಹೊಣೆ ಯಾರೆಂದು ಕೇಳಿದರೆ ಗಣಿಯವರು ಮಳೆಯನ್ನು ದೂಷಿಸುತ್ತಾರೆ. ಒಂದು ಇಲಾಖೆ ಮತ್ತೊಂದು ಇಲಾಖೆಯತ್ತ ಕೈ ತೋರಿಸುತ್ತದೆ. ಸದಸ್ಯರು ಬರಿಗೈಯಲ್ಲಿ ಮರಳುತ್ತಾರೆ.

ಗಣಿಯಿಂದ ಕೆಟ್ಟ ಭೂಮಿಯನ್ನು ಸರಿಪಡಿಸುವ ಕಾರ್ಯಕ್ರಮವು ಕಾಗದದ ಮೇಲೆ ಕಾನೂನಿನ ವಿಷಯವಾದರೂ ಬೆಟ್ಟದ ಮೇಲೆ ಅದು ಅಭಿಯಂತರರ ಕೆಲಸವೇ ಆಗಿದೆ. ಆ ಅಭಿಯಂತರರು ಯಾರು, ಅವರನ್ನು ನಡೆಸುವವರು ಯಾರು, ಅವರ ಕೆಲಸವನ್ನು ಅಳೆಯುವ ಬಗೆ ಯಾವುದು, ಈ ವ್ಯವಸ್ಥೆಯಲ್ಲಿ ಗ್ರಾಮ ಪಂಚಾಯತಿಯ ಸ್ಥಾನವೇನು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ. ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಅನುಭವವನ್ನು ಇಲ್ಲಿ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

1. ಎರಡು ಕಡೆಯ ಅಭಿಯಂತರರು

ಗಣಿಯ ವಿಷಯದಲ್ಲಿ ನಾವು ಎರಡು ಬಗೆಯ ತಾಂತ್ರಿಕ ಸಿಬ್ಬಂದಿಯನ್ನು ಗುರುತಿಸಬೇಕು.

ಮೊದಲನೆಯವರು ಗಣಿ ಗುತ್ತಿಗೆದಾರರ ಬಳಿ ಸಂಬಳಕ್ಕಿರುವವರು. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಗುತ್ತಿಗೆದಾರರು ಅರ್ಹ ಗಣಿ ಅಭಿಯಂತರರನ್ನೂ ಭೂವಿಜ್ಞಾನಿಗಳನ್ನೂ ನೇಮಿಸಿಕೊಳ್ಳಬೇಕೆಂದು ವಿಧಿಸುತ್ತವೆ. ಎಲ್ಲಿ ಅಗೆಯಬೇಕು, ಎಷ್ಟು ಆಳಕ್ಕೆ ಹೋಗಬೇಕು, ತ್ಯಾಜ್ಯ ಮಣ್ಣನ್ನು ಎಲ್ಲಿ ಸುರಿಯಬೇಕು, ನೀರು ಯಾವ ಕಡೆಗೆ ಹರಿಯಬೇಕು ಎಂಬುದನ್ನು ನಿರ್ಧರಿಸುವವರು ಇವರು.

ಎರಡನೆಯವರು ಸರ್ಕಾರದ ಕಡೆಯವರು. ಗುತ್ತಿಗೆದಾರರ ಯೋಜನೆಯನ್ನು ಪರಿಶೀಲಿಸಿ ಒಪ್ಪಿಗೆ ನೀಡುವುದು, ಸ್ಥಳಕ್ಕೆ ಹೋಗಿ ನೋಡುವುದು, ಲೋಪ ಕಂಡರೆ ನೋಟಿಸು ನೀಡುವುದು ಇವರ ಕೆಲಸ.

ಇವರಿಬ್ಬರೂ ಒಂದೇ ವಿದ್ಯೆ ಕಲಿತವರು, ಒಂದೇ ಭಾಷೆ ಆಡುವವರು. ಆದರೆ ಇವರ ಮೇಲಿನ ಒತ್ತಡಗಳು ಬೇರೆ. ಗಣಿಯಲ್ಲಿರುವ ಅಭಿಯಂತರರ ಸಾಧನೆಯನ್ನು ಮಾಲೀಕರು ಟನ್ನುಗಳಲ್ಲಿ ಎಣಿಸುತ್ತಾರೆ. ಅದಿರು ಎಷ್ಟು ಹೊರಬಂತೆಂಬುದು ದಿನದ ಸಂಜೆಗೇ ಗೊತ್ತಾಗುತ್ತದೆ. ಕಟ್ಟಿದ ತಡೆಗೋಡೆ ಸರಿಯಾಗಿದೆಯೇ ಎಂಬುದು ತಿಳಿಯಲು ಮಾತ್ರ ಒಂದು ದೊಡ್ಡ ಮಳೆಯೇ ಬರಬೇಕು. ಹೀಗೆ ಒಂದು ಕೆಲಸದ ಲೆಕ್ಕ ದಿನವೂ ಸಿಕ್ಕಿ, ಮತ್ತೊಂದರ ಲೆಕ್ಕ ವರ್ಷಕ್ಕೊಮ್ಮೆ ಸಿಕ್ಕುವಾಗ, ಯಾವ ಕೆಲಸ ಹಿಂದೆ ಬೀಳುತ್ತದೆಂಬುದನ್ನು ಹೇಳಬೇಕಾಗಿಲ್ಲ. ಪುನಶ್ಚೇತನ ಕಾರ್ಯಕ್ರಮದ ಆಡಳಿತ ಎಂದರೆ ಹಿಂದೆ ಬೀಳುವ ಈ ಕೆಲಸವನ್ನು ಮುಂದಕ್ಕೆ ತರುವ ಕ್ರಮ.

2. 2011ರಿಂದ 2013ರವರೆಗಿನ ಘಟನೆಗಳು ಕಲಿಸಿದ ಪಾಠ

ಅಕ್ರಮ ಗಣಿಗಾರಿಕೆಯ ಕುರಿತು ಕರ್ನಾಟಕ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರಲ್ಲಿ ಮತ್ತು 2011ರ ಜುಲೈನಲ್ಲಿ ವರದಿ ನೀಡಿದರು. ಸಮಾಜ ಪರಿವರ್ತನ ಸಮುದಾಯವು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಅದೇ ಆಗಸ್ಟ್ 26ರಂದು ಈ ಆದೇಶವನ್ನು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಸಾರ್ವಜನಿಕ ವಲಯದ ಎನ್‌ಎಂಡಿಸಿ ಸಂಸ್ಥೆಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅವಕಾಶ ದೊರೆಯಿತು.

ನಂತರ ಜಂಟಿ ತಂಡವು ಗುತ್ತಿಗೆ ಗಡಿಗಳನ್ನು ಉಪಕರಣಗಳ ಸಹಾಯದಿಂದ ಅಳೆಯಿತು. ಅದರ ಆಧಾರದ ಮೇಲೆ ನ್ಯಾಯಾಲಯದ ಕೇಂದ್ರ ಉನ್ನತಾಧಿಕಾರ ಸಮಿತಿಯು (ಸಿಇಸಿ) 166 ಗುತ್ತಿಗೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಅಕ್ರಮವಿಲ್ಲದ ಅಥವಾ ಅಲ್ಪ ಲೋಪದ 45 ಗುತ್ತಿಗೆಗಳು ಎ ವರ್ಗಕ್ಕೂ, ಮಿತಿಯೊಳಗಿನ ಅತಿಕ್ರಮಣವಿದ್ದ 72 ಗುತ್ತಿಗೆಗಳು ಬಿ ವರ್ಗಕ್ಕೂ, ಗಂಭೀರ ಅಕ್ರಮ ಕಂಡುಬಂದ 49 ಗುತ್ತಿಗೆಗಳು ಸಿ ವರ್ಗಕ್ಕೂ ಸೇರಿದವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ನ್ಯಾಯಾಲಯವು ಸಿ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು.

ಸದಸ್ಯರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಮೇಲ್ವಿಚಾರಣೆ ಕುಸಿದಾಗ ಪೆಟ್ಟು ತಪ್ಪು ಮಾಡಿದವರಿಗಷ್ಟೇ ಬೀಳುವುದಿಲ್ಲ. ನಿಯಮ ಪಾಲಿಸಿದ ಗಣಿಗಳೂ ನಿಂತವು. ಗಣಿ ಕಾರ್ಮಿಕರು, ಸಾಲ ಮಾಡಿ ಲಾರಿ ಕೊಂಡವರು, ರಸ್ತೆಬದಿಯ ಸಣ್ಣ ವ್ಯಾಪಾರಿಗಳು ಒಮ್ಮೆಲೇ ದುಡಿಮೆ ಕಳೆದುಕೊಂಡರು. ಆದ್ದರಿಂದ "ಪರಿಸರ ಬೇಕೋ, ಉದ್ಯೋಗ ಬೇಕೋ" ಎಂಬ ಪ್ರಶ್ನೆಯೇ ಸರಿಯಲ್ಲ. ಕಟ್ಟುನಿಟ್ಟಿನ ತಾಂತ್ರಿಕ ಮೇಲ್ವಿಚಾರಣೆ ಇದ್ದಲ್ಲಿ ಮಾತ್ರ ಉದ್ಯೋಗವೂ ಉಳಿಯುತ್ತದೆ.

ಎರಡನೆಯದು, ಗಣಿಗಳು ಪುನಃ ತೆರೆದ ರೀತಿ. ಪ್ರತಿ ಗುತ್ತಿಗೆಗೂ ಭೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ, ಅಂದರೆ ಆಡುಮಾತಿನಲ್ಲಿ ಆರ್ ಅಂಡ್ ಆರ್ ಯೋಜನೆ, ಸಿದ್ಧವಾಗಬೇಕೆಂದು ನಿಗದಿಯಾಯಿತು. ಇದರ ತಯಾರಿಯಲ್ಲಿ ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿನ ತಜ್ಞರು ಭಾಗವಹಿಸಿದರು. ಯೋಜನೆಗೆ ಒಪ್ಪಿಗೆ ದೊರೆತು, ಸೂಚಿಸಿದ ಕೆಲಸಗಳು ನಡೆದ ಮೇಲೆಯೇ ಅದಿರು ತೆಗೆಯಲು ಅನುಮತಿ ಎಂಬ ಷರತ್ತು ಬಂದಿತು. 2012ರ ಸೆಪ್ಟೆಂಬರಿನಲ್ಲಿ ಎ ವರ್ಗದ ಕೆಲವು ಗಣಿಗಳು ಈ ಕ್ರಮದಲ್ಲಿ ಪುನರಾರಂಭಕ್ಕೆ ಅನುಮತಿ ಪಡೆದವು.

ಈ ಒಂದು ಷರತ್ತು ಗಣಿಯೊಳಗಿನ ಕೆಲಸದ ಕ್ರಮವನ್ನು ತಲೆಕೆಳಗು ಮಾಡಿತು. ಅಲ್ಲಿಯವರೆಗೆ ತಡೆಗೋಡೆ ಕಟ್ಟುವ ಅಭಿಯಂತರರು ಮಾಲೀಕರ ಕಣ್ಣಿಗೆ ಖರ್ಚಿನ ಬಾಬತ್ತು. ಈಗ ಅವರ ಕೆಲಸ ಮುಗಿಯದೆ ಒಂದು ಲಾರಿಯೂ ಹೊರಡುವಂತಿರಲಿಲ್ಲ. ದಂಡದ ಭಯಕ್ಕಿಂತ ಮುಂಷರತ್ತು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಈ ಘಟ್ಟದ ಮುಖ್ಯ ಪಾಠ.

3. ಮೂರು ಲೆಕ್ಕಗಳು, ಒಂದು ಮಿತಿ

ಒಂದು ಗಣಿ ವರ್ಷಕ್ಕೆ ಎಷ್ಟು ಅದಿರು ತೆಗೆಯಬಹುದೆಂಬುದನ್ನು ನಿರ್ಧರಿಸಲು ಈ ಯೋಜನೆಗಳಲ್ಲಿ ಮೂರು ಲೆಕ್ಕಗಳನ್ನು ಹಾಕಲಾಗುತ್ತದೆ.

ಅ) ನೆಲದೊಳಗೆ ಉಳಿದಿರುವ ಅದಿರಿನ ಪ್ರಮಾಣ.
ಆ) ಗುತ್ತಿಗೆ ಪ್ರದೇಶದೊಳಗೆ ತ್ಯಾಜ್ಯ ಮಣ್ಣನ್ನು ಹಾಕಲು ಇರುವ ಜಾಗ.
ಇ) ಅದಿರು ಸಾಗಿಸುವ ರಸ್ತೆಯ ಸಾಮರ್ಥ್ಯ.

ಮೂರರಲ್ಲಿ ಯಾವುದು ಕಡಿಮೆಯೋ ಅದೇ ಆ ಗಣಿಯ ಮಿತಿ. ಬೆಟ್ಟದಲ್ಲಿ ಅದಿರು ಹೇರಳವಾಗಿದ್ದರೂ ಮಣ್ಣು ಹಾಕಲು ಜಾಗವಿಲ್ಲದಿದ್ದರೆ ಉತ್ಪಾದನೆ ಜಾಗಕ್ಕೆ ತಕ್ಕಷ್ಟೇ ಇರಬೇಕು. ರಸ್ತೆ ತಾಳದಿದ್ದರೆ ರಸ್ತೆಗೆ ತಕ್ಕಷ್ಟೇ ಇರಬೇಕು.

ಇದರ ಜೊತೆಗೆ ಜಿಲ್ಲಾವಾರು ಒಟ್ಟು ಮಿತಿಯೂ ಇದೆ. ಆರಂಭದಲ್ಲಿ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರುಗಳಿಗೆ ಒಟ್ಟಾಗಿ 50 ಲಕ್ಷ ಟನ್ ಎಂದು ನಿಗದಿಯಾಗಿತ್ತು. 2017ರಲ್ಲಿ ಇದನ್ನು ಒಟ್ಟು 3.5 ಕೋಟಿ ಟನ್ನಿಗೂ, 2022ರ ಆಗಸ್ಟ್‌ನಲ್ಲಿ ಒಟ್ಟು 5 ಕೋಟಿ ಟನ್ನಿಗೂ ನ್ಯಾಯಾಲಯವು ಏರಿಸಿತು. ಮಿತಿ ಏರಿದಂತೆ ತ್ಯಾಜ್ಯದ ರಾಶಿಯೂ ಲಾರಿಗಳ ಓಡಾಟವೂ ಏರುತ್ತವೆ. ಆದ್ದರಿಂದ ಮೇಲ್ವಿಚಾರಣೆಯೂ ಅದೇ ಪ್ರಮಾಣದಲ್ಲಿ ಏರಬೇಕು.

ಮೇಲಿನ ಮೂರು ಲೆಕ್ಕಗಳಲ್ಲಿ ಎರಡನೆಯದು ಮತ್ತು ಮೂರನೆಯದು ಗ್ರಾಮಸ್ಥರ ಕಣ್ಣಿಗೆ ಬೀಳುವಂಥವು. ರಾಶಿ ಗಡಿ ದಾಟಿದೆಯೇ, ರಸ್ತೆ ಕುಸಿದಿದೆಯೇ ಎಂದು ಹೇಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ.

4. ಬೆಟ್ಟದ ಮೇಲೆ ಇರಬೇಕಾದ ಕೆಲಸಗಳು

ಪುನಶ್ಚೇತನವೆಂದರೆ ಸಸಿ ನೆಡುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಸಸಿ ಕೊನೆಯ ಹಂತದ ಕೆಲಸ. ನೀರು ಮತ್ತು ಮಣ್ಣನ್ನು ನಿಲ್ಲಿಸದೆ ನೆಟ್ಟ ಸಸಿ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಸರಿಯಾದ ಕ್ರಮ ಹೀಗಿದೆ.

ಮೇಲ್ಮಣ್ಣು: ಅಗೆಯುವ ಮುನ್ನ ಫಲವತ್ತಾದ ಮೇಲ್ಪದರವನ್ನು ಬೇರೆಯಾಗಿ ತೆಗೆದಿಟ್ಟು, ಮುಂದೆ ಗಿಡ ಬೆಳೆಸಲು ಬಳಸಬೇಕು. ತ್ಯಾಜ್ಯದ ಜೊತೆ ಬೆರೆತರೆ ಅದು ಮರಳಿ ಸಿಗುವುದಿಲ್ಲ.

ತ್ಯಾಜ್ಯದ ರಾಶಿ: ಒಂದೇ ಕಡಿದಾದ ಇಳಿಜಾರಾಗಿ ಸುರಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ಪ್ರತಿ ಮೆಟ್ಟಿಲೂ ನೀರಿನ ವೇಗವನ್ನು ತಗ್ಗಿಸುತ್ತದೆ.

ತಡೆಗೋಡೆ: ರಾಶಿಯ ಬುಡದಲ್ಲಿ ಕಲ್ಲಿನ ಗೋಡೆ ಇರಬೇಕು. ಗೋಡೆಯಲ್ಲಿ ನೀರು ಸೋರಿಹೋಗಲು ರಂಧ್ರಗಳಿರಬೇಕು. ಇಲ್ಲವಾದರೆ ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆಯೇ ಉರುಳುತ್ತದೆ.

ಸುತ್ತುಗಾಲುವೆ: ಗಣಿಗುಂಡಿ ಮತ್ತು ರಾಶಿಗಳ ಸುತ್ತ ಮಾಲೆಯಂತೆ ತೋಡಿದ ಕಾಲುವೆ ಹೊರಗಿನ ಮಳೆನೀರು ಒಳನುಗ್ಗದಂತೆ, ಒಳಗಿನ ಕೆಂಪು ನೀರು ಹೊರಹರಿಯದಂತೆ ತಡೆಯುತ್ತದೆ.

ಹೂಳು ತಂಗುವ ಹೊಂಡ: ಕಾಲುವೆಯ ನೀರು ಇಲ್ಲಿ ನಿಂತು, ಹೂಳು ತಳಕ್ಕಿಳಿದ ಮೇಲೆ ಮುಂದಕ್ಕೆ ಹರಿಯಬೇಕು. ಹಿಂದಿನ ವರ್ಷದ ಹೂಳನ್ನು ತೆಗೆಯದಿದ್ದರೆ ಹೊಂಡ ಇದ್ದೂ ಇಲ್ಲದಂತೆ.

ಹಳ್ಳದ ತಡೆಗಳು: ಬೆಟ್ಟದ ಕೊರಕಲುಗಳಲ್ಲಿ ಸಣ್ಣ ಕಲ್ಲುತಡೆಗಳು, ಕೆಳಗೆ ಚೆಕ್ ಡ್ಯಾಂಗಳು.

ಹೊದಿಕೆ ಮತ್ತು ನೆಡುತೋಪು: ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಮೊದಲು ಹುಲ್ಲು, ನಂತರ ಸ್ಥಳೀಯ ಜಾತಿಯ ಗಿಡಗಳನ್ನು ಬೆಳೆಸಬೇಕು.

ಇವೆಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಎಲ್ಲವನ್ನೂ ಮಾಡಿ, ಹೊಂಡದ ಹೂಳನ್ನೊಂದು ತೆಗೆಯದೆ ಬಿಟ್ಟರೂ ಕೆಳಗಿನ ಕೆರೆಗೆ ಮಣ್ಣು ಬರುತ್ತದೆ. ತಪಾಸಣೆಯಲ್ಲಿ ಕೆಲಸಗಳ ಸಂಖ್ಯೆಯನ್ನಷ್ಟೇ ಎಣಿಸದೆ, ನೀರು ಸಾಗುವ ದಾರಿಯಲ್ಲಿ ಮೇಲಿನಿಂದ ಕೆಳಕ್ಕೆ ನಡೆದು ನೋಡಬೇಕೆಂಬುದಕ್ಕೆ ಇದೇ ಕಾರಣ.

5. ತಾಂತ್ರಿಕ ಸಿಬ್ಬಂದಿಯನ್ನು ನಡೆಸುವ ಆರು ಸೂತ್ರಗಳು

ಗಣಿಪ್ರದೇಶದ ಅನುಭವದಿಂದ ಈ ಆರು ಸೂತ್ರಗಳನ್ನು ಗುರುತಿಸಬಹುದು. ಇವು ಮೇಲಧಿಕಾರಿಗಳಿಗೆ ಸಂಬಂಧಿಸಿದವಾದರೂ, ಯಾವ ಸೂತ್ರ ತಪ್ಪಿದೆಯೆಂದು ಗುರುತಿಸಲು ಸದಸ್ಯರಿಗೂ ತಿಳಿದಿರಬೇಕು.

ಒಂದು, ಬರೆದವರೇ ಪರಿಶೀಲಿಸಬಾರದು. ಯೋಜನೆ ತಯಾರಿಸಿದವರು ಒಬ್ಬರು, ಒಪ್ಪಿಗೆ ನೀಡಿದವರು ಇನ್ನೊಬ್ಬರು, ಸ್ಥಳ ತಪಾಸಣೆ ಮಾಡಿದವರು ಮತ್ತೊಬ್ಬರು ಆಗಿರುವುದು ಕ್ಷೇಮ.

ಎರಡು, ಮೊದಲು ಕೆಲಸ, ನಂತರ ಅನುಮತಿ. ಮುಂದಿನ ಹಂತದ ಅಗೆತಕ್ಕೆ ಹಿಂದಿನ ಹಂತದ ಪುನಶ್ಚೇತನವನ್ನು ಷರತ್ತಾಗಿಸಬೇಕು.

ಮೂರು, ಮಾತಿನ ಬದಲು ಅಳತೆ. "ಕೆಲಸ ತೃಪ್ತಿಕರ" ಎಂಬ ವರದಿಯಿಂದ ಯಾರಿಗೂ ಏನೂ ತಿಳಿಯದು. ಗೋಡೆಯ ಉದ್ದ, ಎತ್ತರ, ಸ್ಥಳದ ಅಕ್ಷಾಂಶ ರೇಖಾಂಶ, ಹೊಂಡದ ಆಳ, ದಿನಾಂಕವಿರುವ ಛಾಯಾಚಿತ್ರ ವರದಿಯಲ್ಲಿರಬೇಕು. 2021ರ ತಿದ್ದುಪಡಿಯಂತೆ 50 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣದ ಅಥವಾ ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆತದ ಯೋಜನೆಯಿರುವ ಗಣಿಗಳು, ಗುತ್ತಿಗೆ ಪ್ರದೇಶ ಮತ್ತು ಅದರ ಗಡಿಯಿಂದ 100 ಮೀಟರ್ ಹೊರಗಿನವರೆಗೆ ಡ್ರೋನ್ ಸರ್ವೆ ಮಾಡಿಸಿ ಸಲ್ಲಿಸಬೇಕು. ಗಡಿ ದಾಟಿದ ರಾಶಿ ಈ ಚಿತ್ರಗಳಲ್ಲಿ ಕಾಣುತ್ತದೆ.

ನಾಲ್ಕು, ಮಳೆಯ ಪಂಚಾಂಗಕ್ಕೆ ತಕ್ಕ ತಪಾಸಣೆ. ಮೇ ತಿಂಗಳೊಳಗೆ ಒಮ್ಮೆ, ಮೊದಲ ದೊಡ್ಡ ಮಳೆಯ ಮರುದಿನಗಳಲ್ಲಿ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ನೋಡಬೇಕು. ಬೇಸಿಗೆಯಲ್ಲಿ ಒಣಗಿದ ಕಾಲುವೆಯನ್ನು ನೋಡಿ ಬರೆದ ವರದಿ ಅರ್ಧ ಸತ್ಯ.

ಐದು, ವರ್ಗಾವಣೆಯಲ್ಲಿ ಕಡತ ಕಳೆಯಬಾರದು. ಅಧಿಕಾರಿ ಬದಲಾದಾಗ ಬಾಕಿ ನೋಟಿಸುಗಳ ಪಟ್ಟಿ ಲಿಖಿತವಾಗಿ ಹಸ್ತಾಂತರವಾಗಬೇಕು. ಇಲ್ಲದಿದ್ದರೆ ಹೊಸಬರು ಬಂದಾಗಲೆಲ್ಲ ದೂರು ಮೊದಲಿನಿಂದ ಆರಂಭವಾಗುತ್ತದೆ.

ಆರು, "ಆಗದು" ಎನ್ನುವವರಿಗೆ ರಕ್ಷಣೆ. ಸ್ಥಳದಲ್ಲಿ ಲೋಪ ಕಂಡು ಅನುಮತಿ ತಡೆಹಿಡಿದ ಕಿರಿಯ ಅಭಿಯಂತರರ ಮೇಲೆ ಒತ್ತಡ ಬರುವುದು ಸಹಜ. ಅವರ ಅಭಿಪ್ರಾಯ ಕಡತದಲ್ಲಿ ಲಿಖಿತವಾಗಿ ಉಳಿಯಬೇಕು. ಅದನ್ನು ಬದಿಗಿಡುವ ಮೇಲಧಿಕಾರಿಯೂ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು.

6. ಯಾವ ವಿಷಯಕ್ಕೆ ಯಾವ ಕಚೇರಿ

ದೂರು ತಪ್ಪು ಕಚೇರಿಗೆ ಹೋದರೆ ಅದು ವರ್ಗಾವಣೆಯಲ್ಲೇ ಕಾಲ ಕಳೆಯುತ್ತದೆ. ಸದಸ್ಯರು ಕೆಳಗಿನ ಹಂಚಿಕೆಯನ್ನು ನೆನಪಿಡತಕ್ಕದ್ದು.

ಗಣಿ ಯೋಜನೆ, ತ್ಯಾಜ್ಯ ರಾಶಿಯ ವಿನ್ಯಾಸ, ಗಣಿ ಮುಚ್ಚುವ ಯೋಜನೆ (ಪ್ರಧಾನ ಖನಿಜಗಳಿಗೆ): ಭಾರತೀಯ ಗಣಿ ಬ್ಯೂರೋ.
ಗುತ್ತಿಗೆ ಗಡಿ, ಸಾಗಣೆ ಪರವಾನಗಿ, ರಾಜಧನ, ಹಾಗೂ ಕಲ್ಲುಕ್ವಾರಿಯಂತಹ ಉಪಖನಿಜಗಳು: ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿ.
ಧೂಳು, ಹಳ್ಳಕ್ಕೆ ಬಿಡುವ ನೀರು, ಶಬ್ದ: ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿ.
ಅರಣ್ಯಭೂಮಿ: ಉಪ ಅರಣ್ಯ ಸಂರಕ್ಷಣಾಧಿಕಾರಿ.
ಸ್ಫೋಟ, ಕುಸಿತ, ಕಾರ್ಮಿಕರ ಸುರಕ್ಷತೆ: ಗಣಿ ಸುರಕ್ಷತಾ ಮಹಾನಿರ್ದೇಶನಾಲಯ.

ಗಣಿಯ ಗಡಿಯಾಚೆಗೆ ಈಗಾಗಲೇ ಆದ ಹಾನಿಯನ್ನು ಸರಿಪಡಿಸುವ ಹಣ ಬೇರೆ. ಮೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಅದರ ಕಾರ್ಯದ ಮೇಲೆ ನಿಗಾ ಇಡಲು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಇದಲ್ಲದೆ 2015ರ ಕಾಯ್ದೆ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಗಣಿಯ ಗಡಿಯೊಳಗಿನ ಪುನಶ್ಚೇತನವು ಗುತ್ತಿಗೆದಾರರ ಸ್ವಂತ ಖರ್ಚಿನ ಹೊಣೆ. ಅವರು ಕಟ್ಟಬೇಕಾದ ತಡೆಗೋಡೆಯನ್ನು ಸಾರ್ವಜನಿಕ ನಿಧಿಯಿಂದ ಕಟ್ಟಿಸುವ ಪ್ರಸ್ತಾವಕ್ಕೆ ಸಭೆಗಳು ಒಪ್ಪಬಾರದು.

ಈ ಹೊಣೆಗೆ ಜಾಮೀನಾಗಿ ಗುತ್ತಿಗೆದಾರರು ಹಣಕಾಸು ಭದ್ರತೆ ನೀಡಿರುತ್ತಾರೆ. 2021ರ ತಿದ್ದುಪಡಿಯ ನಂತರ ದೊಡ್ಡ ಯಂತ್ರಸಜ್ಜಿತ ಗಣಿಗಳಿಗೆ ಬಳಕೆಗೆ ತಂದ ಭೂಮಿಯ ಪ್ರತಿ ಹೆಕ್ಟೇರಿಗೆ 5 ಲಕ್ಷ ರೂಪಾಯಿ, ಉಳಿದವಕ್ಕೆ 3 ಲಕ್ಷ ರೂಪಾಯಿ. ದೊಡ್ಡ ಗಣಿಯೊಂದು 40 ಹೆಕ್ಟೇರ್ ಬಳಸಿದ್ದರೆ ಭದ್ರತೆ 2 ಕೋಟಿ ರೂಪಾಯಿ. ಹರಾಜಿನ ಮೂಲಕ ನೀಡಿದ ಗುತ್ತಿಗೆಗಳಲ್ಲಿ ಭದ್ರತೆಯ ನಿಯಮ ಬೇರೆ. ಗಣಿ ಮುಚ್ಚಿ, ಮಾಲೀಕರು ಹೊರಟುಹೋದ ಮೇಲೆ ಕೇಳುವವರಿರುವುದಿಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಇದಕ್ಕೆ ಸಾಕ್ಷಿಯಾಗಿ ನಿಂತಿವೆ. ಗಣಿ ನಡೆಯುತ್ತಿರುವಾಗಲೇ ಹಂತಹಂತವಾಗಿ ಪುನಶ್ಚೇತನ ನಡೆಯಬೇಕೆನ್ನುವುದು ಆ ಕಾರಣಕ್ಕೆ.

7. ಗ್ರಾಮ ಪಂಚಾಯತಿ ಮಾಡಬಹುದಾದ ಕೆಲಸ

ಗಣಿ ಅಭಿಯಂತರರಿಗೆ ಆದೇಶ ನೀಡುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ. ಆದರೆ ಗುಂಡಿ, ರಾಶಿ, ಹಳ್ಳಗಳನ್ನು ವರ್ಷದ ಎಲ್ಲ ದಿನಗಳಲ್ಲೂ ನೋಡುವವರು ಗ್ರಾಮಸ್ಥರೇ. ನಿಖರವಾದ ಮಾಹಿತಿಯನ್ನು ಸರಿಯಾದ ಕಚೇರಿಗೆ ಲಿಖಿತವಾಗಿ ತಲುಪಿಸಿದಾಗ ಮೇಲ್ವಿಚಾರಣೆಯ ಇಡೀ ಯಂತ್ರಕ್ಕೆ ಚಾಲನೆ ದೊರೆಯುತ್ತದೆ.

ಅ) ಪರಿಸರ ಅನುಮತಿ ಪತ್ರ: ಯೋಜನೆಯವರು ಪರಿಸರ ಅನುಮತಿಯ ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ನೀಡಬೇಕು, ಸಂಸ್ಥೆಯು ಅದನ್ನು 30 ದಿನ ಪ್ರದರ್ಶಿಸಬೇಕು. ತಮ್ಮ ಕಚೇರಿಯ ಕಡತದಲ್ಲಿ ಈ ಪ್ರತಿ ಇದೆಯೇ ಎಂಬುದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರೊಂದಿಗೆ ಖಚಿತಪಡಿಸಿಕೊಳ್ಳುವುದು. ಷರತ್ತುಗಳೆಲ್ಲ ಅದರಲ್ಲೇ ಇರುತ್ತವೆ.

ಆ) ಅರ್ಧವಾರ್ಷಿಕ ವರದಿ: ಷರತ್ತುಗಳ ಪಾಲನೆ ಕುರಿತು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ವರದಿ ಸಲ್ಲಿಸಬೇಕೆಂಬ ನಿಯಮವಿದೆ. ಆ ವರದಿಯನ್ನು ಪಡೆದು ಸ್ಥಳದೊಂದಿಗೆ ಹೋಲಿಸುವುದು. ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಸದಸ್ಯರು ನಾಗರಿಕರಾಗಿ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ.

ಇ) ವೀಕ್ಷಣಾ ಪುಸ್ತಕ: ದಿನಾಂಕ, ಸ್ಥಳ, ಕಂಡದ್ದು, ಛಾಯಾಚಿತ್ರ, ಯಾರಿಗೆ ತಿಳಿಸಲಾಯಿತು, ಏನು ಉತ್ತರ ಬಂತು ಎಂಬ ಆರು ಅಂಕಣಗಳ ಪುಸ್ತಕವೊಂದನ್ನು ಇಡುವುದು. ಸದಸ್ಯರ ಅವಧಿ ಮುಗಿದರೂ ಪುಸ್ತಕ ಕಚೇರಿಯಲ್ಲಿ ಉಳಿಯಬೇಕು.

ಈ) ನಿರ್ಣಯ: ಗ್ರಾಮಸಭೆಯ ನಿರ್ಣಯದಲ್ಲಿ "ಗಣಿಯಿಂದ ತೊಂದರೆಯಾಗುತ್ತಿದೆ" ಎಂದು ಬರೆದರೆ ಅಧಿಕಾರಿ ಏನು ಮಾಡಬೇಕೆಂದು ತಿಳಿಯದು. ಕೆಳಗಿನ ಮಾದರಿ ಹೆಚ್ಚು ಫಲಕಾರಿ.

"ಇಂಥ ದಿನಾಂಕದ ಮಳೆಯಲ್ಲಿ, ಇಂಥ ಗುತ್ತಿಗೆಯ ಪೂರ್ವದಿಕ್ಕಿನ ತ್ಯಾಜ್ಯ ರಾಶಿಯ ಬುಡದ ತಡೆಗೋಡೆಯು ಸುಮಾರು ಇಷ್ಟು ಮೀಟರ್ ಉದ್ದ ಕುಸಿದಿದೆ. ಹರಿದ ಮಣ್ಣು ಗ್ರಾಮದ ಸರ್ವೆ ನಂಬರ್ ಇಷ್ಟರ ಹೊಲಗಳಿಗೆ ಹಾಗೂ ಕೆರೆಯ ಒಳಹರಿವಿನ ಹಳ್ಳಕ್ಕೆ ಸೇರಿದೆ. ಛಾಯಾಚಿತ್ರ ಲಗತ್ತಿಸಿದೆ. 15 ದಿನಗಳೊಳಗೆ ಜಂಟಿ ಸ್ಥಳ ತಪಾಸಣೆ ನಡೆಸಿ, ದುರಸ್ತಿಗೆ ನಿಗದಿಪಡಿಸಿದ ದಿನಾಂಕವನ್ನು ಲಿಖಿತವಾಗಿ ತಿಳಿಸಲು ಕೋರಿದೆ."

ಉ) ಜಂಟಿ ತಪಾಸಣೆ: ಅನುಮತಿಯಿಲ್ಲದೆ ಗಣಿಯೊಳಗೆ ಹೋಗುವುದು ಅಪಾಯಕಾರಿ, ಕಾನೂನಿನ ತೊಡಕೂ ಉಂಟು. ಅಧಿಕಾರಿಗಳೊಂದಿಗೆ ಹೋಗಿ, ಮುಗಿದ ಕೂಡಲೇ ಸ್ಥಳದಲ್ಲೇ ಮಹಜರು ಬರೆಸಿ ಎಲ್ಲರ ಸಹಿ ಪಡೆಯುವುದು.

8. ಸದಸ್ಯರು ಪಾಲಿಸಬೇಕಾದ ಎಚ್ಚರ

ಸದಸ್ಯರಲ್ಲಿ ಅಥವಾ ಅವರ ಕುಟುಂಬದಲ್ಲಿ ಯಾರಿಗಾದರೂ ಅದಿರು ಸಾಗಿಸುವ ಲಾರಿ, ಗಣಿಯ ಗುತ್ತಿಗೆ ಕಾಮಗಾರಿ ಅಥವಾ ನೌಕರಿ ಇದ್ದರೆ ಅದನ್ನು ಸಭೆಗೆ ತಿಳಿಸಿ, ಆ ಗಣಿಯ ಕುರಿತ ನಿರ್ಣಯದಿಂದ ದೂರ ಉಳಿಯುವುದು ಉಚಿತ. ಗಣಿಯಿಂದ ದುಡಿಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಶಾಲೆಗೆ ಬೆಂಚು, ಜಾತ್ರೆಗೆ ದೇಣಿಗೆ, ದೇವಸ್ಥಾನಕ್ಕೆ ಸುಣ್ಣಬಣ್ಣ ಇವು ಬಂದಾಗ ಸ್ವೀಕರಿಸಬಹುದು. ಆದರೆ ಅವು ತಡೆಗೋಡೆಗೂ ಹೂಳು ತೆಗೆಯುವ ಕೆಲಸಕ್ಕೂ ಬದಲಿಯಾಗಲಾರವು. ಹಾಗೆಯೇ ಸ್ಥಳಕ್ಕೆ ಬಂದ ಅಭಿಯಂತರರನ್ನು ಶತ್ರುವಿನಂತೆ ಕಾಣಬಾರದು. ನಿಯಮದಂತೆ ನಡೆಯಲು ಬಯಸುವ ಅಭಿಯಂತರರಿಗೆ ಗ್ರಾಮದ ಲಿಖಿತ ದೂರು ಒಂದು ಆಸರೆ. ಮೇಲಿನಿಂದ ಒತ್ತಡ ಬಂದಾಗ ಅವರು ತೋರಿಸಬಹುದಾದ ದಾಖಲೆಯೂ ಅದೇ.

9. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ವ್ಯಾಪ್ತಿಯ ಪ್ರತಿ ಗಣಿ ಮತ್ತು ಕಲ್ಲುಕ್ವಾರಿಯ ಅನುಮತಿ ಪತ್ರದ ಪ್ರತಿ ನಮ್ಮ ಕಚೇರಿಯಲ್ಲಿದೆಯೇ?
2. ನಮ್ಮ ಕೆರೆಗೆ ನೀರು ತರುವ ಹಳ್ಳಗಳಲ್ಲಿ ಯಾವುವು ತ್ಯಾಜ್ಯ ರಾಶಿಯ ಕೆಳಗಿನಿಂದ ಬರುತ್ತವೆ?
3. ಕಳೆದ ಮಳೆಗಾಲದ ದೂರುಗಳಲ್ಲಿ ಎಷ್ಟಕ್ಕೆ ಲಿಖಿತ ಉತ್ತರ ಬಂದಿದೆ? ಬಾರದಿದ್ದವು ಯಾವ ಕಚೇರಿಯಲ್ಲಿವೆ?
4. ಮೇಲಿನ ಆರು ಸೂತ್ರಗಳಲ್ಲಿ ನಮ್ಮಲ್ಲಿ ಯಾವುದು ತಪ್ಪಿದೆ?
5. ಮುಂದಿನ ಮೇ ತಿಂಗಳೊಳಗೆ ಜಂಟಿ ತಪಾಸಣೆ ಕೋರಲು ಯಾವ ಸದಸ್ಯರಿಗೆ ಹೊಣೆ ವಹಿಸೋಣ?

ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಚರ್ಚೆಯ ಸಾರಾಂಶವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ವೀಕ್ಷಣಾ ಪುಸ್ತಕವನ್ನು ಮಳೆಗಾಲಕ್ಕೆ ಮುನ್ನವೇ ತೆರೆಯಲು ಎಲ್ಲ ಸದಸ್ಯರನ್ನು ಕೋರಲಾಗಿದೆ.